ಹತ್ತೊಂಬತ್ತು ಎಂದು ಬರೆಸಲು ಬಂದವನು

ಪುಣೆಯ ಶಿವಾಜಿನಗರದ ಕೋರ್ಟಿನೆದುರು ನಾನು ಅರ್ಜಿ ಟೈಪ್ ಮಾಡಿಕೊಡುತ್ತಿದ್ದೆ. ಒಂದು ಮಧ್ಯಾಹ್ನ ಮೂವತ್ತರ ಆಸುಪಾಸಿನ ಗಂಡಸೊಬ್ಬ ಹುಡುಗಿಯೊಬ್ಬಳನ್ನು ಕರೆತಂದು, ಮದುವೆ ನೋಂದಣಿಯ ಅರ್ಜಿ ಬೇಕೆಂದ.

“ಇಕಿಗೆ ಹತ್ತೊಂಬತ್ತು. ಅಪ್ಪ-ಅವ್ವನ ಒಪ್ಪಿಗಿ ಬೇಕಾಗೂದಿಲ್ಲಲ್ರಿ?”

“ಹದಿನೆಂಟು ತುಂಬಿದ್ರ ಬ್ಯಾಡ್ರಿ,” ಎಂದೆ. ಆದರೆ ಅವಳ ಹೆಸರು ಕೇಳಿದರೂ ಅವನೇ ಉತ್ತರಿಸುತ್ತಿದ್ದುದು ನನಗೆ ಸರಿಕಾಣಲಿಲ್ಲ. ಅವನು ಜೆರಾಕ್ಸ್ ಮಾಡಿಸಲು ಹೋದಾಗ ಮೆಲ್ಲಗೆ ಕೇಳಿದೆ, “ಹತ್ತನೇ ಕ್ಲಾಸು ಯಾವಾಗ ಮುಗೀತವ್ವಾ?”

“ಈ ವರ್ಷ್ರಿ.”

“ಹಂಗಾದ್ರ ನಿನಗ ಹದಿನೆಂಟು ತುಂಬಿಲ್ಲ. ಅಪ್ಪ-ಅವ್ವ ಒಪ್ಪಿದ್ರೂ ಕಾಯ್ದೆ ಒಪ್ಪೂದಿಲ್ಲ.”

ಅವಳು ರಸ್ತೆಯ ಕಡೆ ನೋಡಿ, “ನಿಮ್ಮ ಫೋನ್ ಕೊಡ್ತೀರೇನ್ರಿ?” ಎಂದಳು.

ಮರಳಿ ಬಂದವನು, ಅವಳು ಫೋನಿನಲ್ಲಿ “ಅವ್ವಾ” ಎಂದು ಅಳುವುದನ್ನು ಕೇಳಿ ದೂರದಿಂದಲೇ ಕಾಲ್ತೆಗೆದ. ಹತ್ತಿರದ ಖಡಕಿಯಿಂದ ರಿಕ್ಷಾದಲ್ಲಿ ಬಂದ ಅವ್ವ ಅವಳನ್ನು ಬೈಯದೆ ಮನೆಗೆ ಕರೆದೊಯ್ದಳು.