ಶುಕ್ರವಾರ ಸಾಯುವ ವೈಫೈ

ಪೀಣ್ಯದ ನಮ್ಮ ಕಾರ್ಖಾನೆಯ ನೆಟ್‌ವರ್ಕ್ ಸಾರ್ ಯಾವ ಗಲಾಟೆಗೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾ, "ಲಾಗ್ ಏನನ್ನತ್ತೆ ನೋಡು ಗುರು," ಎನ್ನುತ್ತಿದ್ದರು.

ಆಗ ಪ್ರತಿ ಶುಕ್ರವಾರ ಸ್ಟೋರ್ಸಿನಲ್ಲಿ ವೈಫೈ ಸತ್ತು ಲಾರಿಗಳ ಲೋಡಿಂಗ್ ನಿಲ್ಲುತ್ತಿತ್ತು. ಸ್ಕ್ಯಾನರ್ ಹಿಡಿಯುವ ಬಾಗಲಗುಂಟೆಯ ಅಕ್ಕನೇ ಏನೋ ಒತ್ತಿ ಕೆಡಿಸುತ್ತಾಳೆಂದು ಮ್ಯಾನೇಜರು ಅವಳನ್ನು ಕೆಲಸದಿಂದ ತೆಗೆಯಲು ಹೊರಟಿದ್ದರು. ವೈಫೈ ಡಬ್ಬಿ ಏನೇನಾಯಿತೆಂದು ಬರೆದಿಡುವಂತೆ ಲಾಗ್ ಹಾಕುವ ಕೆಲಸ ಸಾರ್ ಕೈಕೆಳಗಿದ್ದ ನನಗೆ ಬಂತು. ನಾನು ಮಹಾಪಂಡಿತ, ಲಾಗನ್ನು ಡಬ್ಬಿಯೊಳಗೇ ಇಟ್ಟೆ. ಡಬ್ಬಿ ಆರಿದಾಗ ಲಾಗೂ ಅಳಿಸಿಹೋಯಿತು.

"ಬೆಂಕಿ ಬಿದ್ರೆ ಬೇಕಾಗತ್ತೆ ಅಂತ ಬಕೆಟ್‌ನ ಮನೆಯೊಳಗಿಟ್ಟು ಬೀಗ ಹಾಕ್ದಂಗಾಯ್ತಲ್ಲೋ!" ಎಂದ ಸಾರ್, ಲಾಗು ಆಫೀಸಿನ ಕಂಪ್ಯೂಟರಿಗೆ ಬರುವಂತೆ ಮಾಡಿದರು.

ಮುಂದಿನ ಶುಕ್ರವಾರ ಸ್ಟೋರ್ಸಿನಿಂದ ಪೂಜೆಯ ಗಂಟೆ ಕೇಳಿಸಿತು, ಅದೇ ಹೊತ್ತಿಗೆ ಲಾಗ್ ನಿಂತಿತು. ಓಡಿದೆವು. ಮ್ಯಾನೇಜರು ಡಬ್ಬಿಯ ಪ್ಲಗ್ ಕಿತ್ತು, ಅಲ್ಲಿ ದೇವರ ಫೋಟೋದ ಸೀರಿಯಲ್ ಲೈಟು ಚುಚ್ಚಿ, ಕಣ್ಣು ಮುಚ್ಚಿ ಆರತಿ ಎತ್ತುತ್ತಿದ್ದರು.

ನಾನು ಬಾಯಿ ತೆರೆದೆ. ಸಾರ್ ನನ್ನ ಕಾಲು ತುಳಿದರು. ಆರತಿ ಮುಗಿದ ಮೇಲೆ, "ಈ ಪ್ಲಗ್ ಕಿತ್ತಾಗ ವೈಫೈ ಹೋಗತ್ತೆ ಸಾರ್. ಅಕ್ಕಂದೇನೂ ಇಲ್ಲ," ಎಂದರು, ಅಷ್ಟೇ.

ಮ್ಯಾನೇಜರು ಪ್ಲಗ್ ನೋಡಿದರು, ದೇವರನ್ನು ನೋಡಿದರು. ಕೊನೆಗೆ ಕಡಲೆಪುರಿಯ ತಟ್ಟೆಯನ್ನು ಮೊದಲು ಅಕ್ಕನ ಮುಂದೆ ಹಿಡಿದರು.

"ತಗೊಳಮ್ಮಾ. ನಾಳೆ ಸ್ವಲ್ಪ ಬೇಗ ಬಾ, ಲೋಡ್ ಜಾಸ್ತಿ ಇದೆ."