ಶ್ರಾವಣದಲ್ಲಿ ನಿಂತ ಮೀನೆಣ್ಣೆ

ನನ್ನ ತಂಗಿಗೆ ದೀಪ ಹಚ್ಚುವ ಹೊತ್ತಾದರೆ ತಟ್ಟೆ ಕಾಣುತ್ತಿರಲಿಲ್ಲ. ಮುದ್ದೆ ಎಲ್ಲಿದೆ ಎಂದು ಕೈಯಾಡಿಸುತ್ತ ಸಾರು ಚೆಲ್ಲಿ ಬೈಸಿಕೊಳ್ಳುತ್ತಿದ್ದಳು. ಬೈದವರಲ್ಲಿ ನಾನೂ ಒಬ್ಬಳು. ಅವಳಿಗೆ ಆಗ ಐದು ವರ್ಷ, ನನಗೆ ಹದಿನಾಲ್ಕು. ಹಗಲೆಲ್ಲ ಕುಣಿಯುವವಳಿಗೆ ಸಂಜೆಯಾದೊಡನೆ ಕಣ್ಣು ಹೇಗೆ ಹೋಗುತ್ತದೆ, ಬೇಕೆಂದೇ ಆಡುತ್ತಾಳೆ ಎಂಬುದು ಅಜ್ಜಿಯ ತೀರ್ಮಾನ.

ಬಂಗಾರಪೇಟೆಗೆ ಹತ್ತಿರದ ಹಳ್ಳಿಯಲ್ಲಿ ನಮ್ಮದು ನಾಲ್ಕು ಎಮ್ಮೆಗಳ ಮನೆ. ಹಾಗಾದರೆ ಮಕ್ಕಳು ಹಾಲು ಕುಡಿದು ದಷ್ಟಪುಷ್ಟವಾಗಿದ್ದಿರಬೇಕು ಎಂದು ನೀವು ಅಂದುಕೊಂಡರೆ, ಹಾಲು ಮಾರುವವರ ಮನೆಯನ್ನು ನೀವು ಒಳಹೊಕ್ಕು ನೋಡಿಲ್ಲ ಎಂದೇ ಅರ್ಥ. ಕರೆದದ್ದೆಲ್ಲ ಕ್ಯಾನಿಗೆ ಹೋಗುತ್ತಿತ್ತು. ಬೆಳಗಿನ ರೈಲಿನಲ್ಲಿ ಅಪ್ಪ ಮತ್ತು ನಾನು ಅದನ್ನು ಉರಿಗಾಂಗೆ ಒಯ್ದು, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಿಗೆ ಹಂಚುತ್ತಿದ್ದೆವು. ಅಪ್ಪ ಒಂದು ಸಾಲು, ನಾನು ಒಂದು ಸಾಲು. ತಂಗಿಗೆ ಬೆಳಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ರಾತ್ರಿ ಮತ್ತೆ ಮುದ್ದೆ.

ನನ್ನ ಸಾಲಿನ ಕೊನೆಯ ಮನೆ ಒಬ್ಬ ಕಾಂಪೌಂಡರದು. ಅಲ್ಲೇ ಹತ್ತಿರದ ಒಂದು ಸಣ್ಣ ದವಾಖಾನೆಯಲ್ಲಿ ಔಷಧಿ ಬೆರೆಸಿಕೊಡುವುದು ಅವರ ಕೆಲಸ. ಮನೆಮಾತು ತಮಿಳು, ನನ್ನ ಜೊತೆ ಆಡುತ್ತಿದ್ದದ್ದು ಅರ್ಧ ಕನ್ನಡ. ಒಂದು ದಿನ ಪಾವಿನಲ್ಲಿ ಹಾಲು ಅಳೆಯುತ್ತ, ತಂಗಿ ಸಂಜೆ ತಡಕಾಡುವ ಸುದ್ದಿಯನ್ನು ತಮಾಷೆಯಾಗಿ ಹೇಳಿದೆ. ಅವರು ನಗಲಿಲ್ಲ.

"ಕೆಮ್ಮು ಇದೆಯಾಮ್ಮಾ?"

"ಯಾವಾಗ್ಲೂ ಅದೆ ಸಾರ್."

"ಊರಿಗೆಲ್ಲಾ ಹಾಲು ಹಾಕ್ತೀರಿ. ಆ ಕುಳಂದೆಗೆ, ಮಗೂಗೆ, ಒಂದು ಲೋಟ ಇಲ್ಲ!"

ಒಳಗಿನಿಂದ ಒಂದು ಸೀಸೆ ತಂದುಕೊಟ್ಟರು. ಮೀನೆಣ್ಣೆ. ದಿನಾ ಒಂದು ಚಮಚ, ತಪ್ಪಿಸಬಾರದು. ಅದರಲ್ಲಿರುವ ವಿಟಮಿನ್ನು ಕಣ್ಣಿಗೂ ಬೇಕು, ಎದೆಗೂ ಬೇಕು ಎಂದು ವಿವರಿಸಿದರು. ಎದೆಗೆ ಬಲವಿದ್ದರೆ ನೆಗಡಿ ಮೂಗಿನಲ್ಲೇ ನಿಲ್ಲುತ್ತದಂತೆ, ಇಲ್ಲದಿದ್ದರೆ ಕೆಳಗೆ ಇಳಿಯುತ್ತದಂತೆ. "ಇನ್ಮೇಲೆ ನೀನೇ ಆ ಮನೆಗೆ ನರ್ಸಮ್ಮ" ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದ್ದ ಹುಡುಗಿಗೆ ಆ ಮಾತು ಎಷ್ಟು ರುಚಿಸಿತು ಎಂದರೆ, ರೈಲಿನಲ್ಲಿ ಸೀಸೆಯನ್ನು ಯಾರಿಗೂ ಮುಟ್ಟಗೊಡದೆ ಮಡಿಲಲ್ಲಿಟ್ಟುಕೊಂಡು ಬಂದೆ.

ಕುಡಿಸುವುದೇನೂ ಸುಲಭವಿರಲಿಲ್ಲ. ತಂಗಿ ಒದೆಯುತ್ತಿದ್ದಳು, ಕಚ್ಚುತ್ತಿದ್ದಳು, ಒಮ್ಮೆ ನನ್ನ ಮುಖಕ್ಕೇ ಉಗಿದಳು. ನಾನೂ ಬಿಡಲಿಲ್ಲ. ಮೂಗು ಹಿಡಿದು ಸುರಿದು, ಬಾಯಿಗೊಂದು ಚೂರು ಬೆಲ್ಲ ತುರುಕುತ್ತಿದ್ದೆ. ಶನಿವಾರ ಮಾತ್ರ ಇಲ್ಲ, ಏಕೆಂದರೆ ನಮ್ಮದು ತಿರುಪತಿ ತಿಮ್ಮಪ್ಪನ ಒಕ್ಕಲು, ಆ ದಿನ ಮೀನಿನ ಸೋಂಕು ಕೂಡದು. ಅಷ್ಟಾದರೂ ಕೆಲವು ವಾರಗಳಲ್ಲೇ ಅವಳು ದೀಪದ ಹೊತ್ತಿನಲ್ಲಿ ತಾನಾಗಿ ತಟ್ಟೆಗೆ ಕೈಯಿಟ್ಟು ಮುದ್ದೆ ಮುರಿದಳು. ಬೇಕೆಂದೇ ಆಡುತ್ತಾಳೆ ಎಂದಿದ್ದ ಅಜ್ಜಿಯೇ, ತಿಮ್ಮಪ್ಪನಿಗೆ ತಾನು ಹೊತ್ತ ಹರಕೆ ಫಲಿಸಿತು ಎಂದು ಕೈಮುಗಿದಳು. ನನಗೆ ಮೈ ಉರಿದುಹೋಯಿತು.

ಆಮೇಲೆ ಶ್ರಾವಣ ಬಂತು. ಮನೆ ಸಾರಿಸಿ, ಮಡಕೆಕುಡಿಕೆ ಬದಲಿಸಿ, ಅಜ್ಜಿ ಗೂಡಿನಲ್ಲಿದ್ದ ಸೀಸೆಯತ್ತ ಬೆರಳು ತೋರಿದಳು.

"ಅದುನ್ನ ಎತ್ತಿ ಕೊಟ್ಟಿಗೇಗೆ ಮಡಗ್ಬುಡು. ಸ್ರಾವಣ ಮುಗಿಯಗಂಟ ಒಳೀಕೆ ತರಬ್ಯಾಡ."

"ದಿನಾ ಕೊಡ್ಬೇಕಂತೆ ಕಣಜ್ಜಿ."

"ಒಂದ್ ತಿಂಗ್ಳು ನಿಂತ್ರೆ ಏನ್ ಒಂಟೋಯ್ತದೆ? ಕಣ್ ಬಂತಲ್ಲ, ಸಾಕು ಓಗು."

ಇಷ್ಟಕ್ಕೆಲ್ಲ ಅಜ್ಜಿಯೇ ಕಾರಣ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಾಯೆನಿಸಿತು. ಒದೆಸಿಕೊಳ್ಳುವುದು ತಪ್ಪಿತಲ್ಲ! ಕೊಟ್ಟಿಗೆಯಲ್ಲಿಟ್ಟು ಕದ್ದು ಕುಡಿಸಬಹುದಿತ್ತು, ನಾನು ಕುಡಿಸಲಿಲ್ಲ. ಆದರೆ ಕಾಂಪೌಂಡರ್ ಪ್ರತಿದಿನ ಕೇಳುತ್ತಿದ್ದರು: "ನರ್ಸಮ್ಮ, ಎಣ್ಣೆ ಕೊಟ್ಟಿಯಾ?"

"ಕೊಟ್ಟೆ ಸಾರ್."

ಮೊದಲ ದಿನ ನಾಲಿಗೆ ತಡವರಿಸಿತು. ಆಮೇಲೆ ಸಲೀಸಾಗಿ ಬಂತು. ನಿಂತಿದೆ ಎಂದರೆ ನರ್ಸಮ್ಮ ಎಂದು ಕರೆಯುವುದೂ ನಿಲ್ಲುತ್ತದೆ ಎಂಬುದೊಂದೇ ನನ್ನ ಹೆದರಿಕೆ.

ಅದು ಫ್ಲೂ ಜ್ವರ ಊರೂರಿಗೆ ಹಬ್ಬಿದ ವರ್ಷ, ಐವತ್ತೇಳು. ಮದ್ರಾಸಿನ ಕಡೆಯಿಂದ ರೈಲಿನಲ್ಲಿ ಬಂತು ಎನ್ನುತ್ತಿದ್ದರು. ನಮ್ಮ ಮನೆಗಂತೂ ರೈಲಿನಲ್ಲೇ ಬಂತು, ನನ್ನ ಮೈಯಲ್ಲಿ. ಸಾಲುಮನೆಗಳಲ್ಲಿ ಆಗಲೇ ಮನೆಗೆ ಇಬ್ಬರು ಮೂವರು ಮಲಗಿದ್ದರು. ಶ್ರಾವಣ ಇನ್ನೂ ಮುಗಿದಿರಲಿಲ್ಲ, ನಮ್ಮಲ್ಲಿ ಮೊದಲು ಮಲಗಿದವಳು ನಾನು. ಆಮೇಲೆ ಅಪ್ಪ, ಅಮ್ಮ, ಅಜ್ಜಿ, ಕೊನೆಗೆ ತಂಗಿ. ನಾಲ್ಕೈದು ದಿನದಲ್ಲಿ ನಾವೆಲ್ಲ ಗಂಜಿ ಕುಡಿದು ಎದ್ದು ಕೂತೆವು. ಎಪ್ಪತ್ತು ದಾಟಿದ ಅಜ್ಜಿಯೂ ಎದ್ದಳು.

ತಂಗಿ ಏಳಲಿಲ್ಲ. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಅಮ್ಮ ಎದೆಗೆ ತಿಕ್ಕಿದಳು. ಕಂಬಳಿ ಸುತ್ತಿ ಗಾಡಿಯಲ್ಲಿ ಬಂಗಾರಪೇಟೆಯ ಡಾಕ್ಟರ ಹತ್ತಿರ ಒಯ್ದೆವು. ಅಂಗಳದ ತುಂಬ ಕೆಮ್ಮುವ ಜನ. ಜ್ವರ ಎದೆಗಿಳಿದು ಶ್ವಾಸಕೋಶವೇ ಊದಿಕೊಂಡಿದೆ ಎಂದರು ಡಾಕ್ಟರು. ಸೂಜಿ ಚುಚ್ಚಿದರು. ಮರುದಿನ ಮಧ್ಯಾಹ್ನ ಅವಳು ಅಮ್ಮನ ತೊಡೆಯ ಮೇಲೆ ಹೋಗಿಬಿಟ್ಟಳು.

ಮನೆಯಲ್ಲಿ ಯಾರೂ ಆ ಸೀಸೆಯ ಮಾತೆತ್ತಲಿಲ್ಲ. ಅವರ ಲೆಕ್ಕದಲ್ಲಿ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಊರಲ್ಲಿ ಇನ್ನೂ ಮೂರು ಮಕ್ಕಳು ಹಾಗೇ ಹೋಗಿದ್ದವು, ಅದೇ ಅವರಿಗೆ ಸಮಾಧಾನ. ನನಗೆ ಆ ಸಮಾಧಾನದ ಮೇಲೆಯೇ ಸಿಟ್ಟು ಬರುತ್ತಿತ್ತು.

ಹದಿನೈದು ದಿನ ಕಳೆದು ಮತ್ತೆ ಹಾಲು ಹೊತ್ತು ಉರಿಗಾಂಗೆ ಹೋದೆ. ಕಾಂಪೌಂಡರಿಗೆ ಸುದ್ದಿ ಮುಟ್ಟಿತ್ತು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬದಲಿಗೆ ತಲೆ ಸವರಿ, "ನೀನು ಏನು ಮಾಡ್ತೀಯಮ್ಮಾ, ತಪ್ಪದೆ ಕೊಟ್ಟೆ" ಎಂದರು. ನಾನು ಹಾಲು ಅಳೆದು ಬಂದೆ.

ಕೆಲವು ದಿನಗಳ ಮೇಲೆ ನಲ್ಲಿಯ ಹತ್ತಿರ ಅವರು ಹೆಂಗಸರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಮೀನೆಣ್ಣೆಯಲ್ಲಿ ಏನೂ ಇಲ್ಲ, ಎಲ್ಲ ಸುಳ್ಳು. ಹಾಲಿನ ಹುಡುಗಿಯ ತಂಗಿಗೆ ಒಂದು ದಿನ ಬಿಡದೆ ಕೊಟ್ಟರೂ ಎದೆಗೇ ಇಳಿಯಿತು. ಆ ವಾಸನೆ ಕುಡಿಸಿ ಮಕ್ಕಳನ್ನು ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ. ಅವರಿಗೂ ಒಬ್ಬಳು ಮಗಳಿದ್ದಳು, ನನ್ನ ತಂಗಿಗಿಂತ ಒಂದು ವರ್ಷಕ್ಕೆ ದೊಡ್ಡವಳು, ಹುಟ್ಟಿನಿಂದ ಗೂರಲು ಎದೆ. ಅವಳಿಗೆ ಕುಡಿಸುತ್ತಿದ್ದ ಎಣ್ಣೆಯನ್ನೂ ನಿಲ್ಲಿಸಿದ್ದರು.

ನಾನು ಸತ್ತ ತಂಗಿಯ ಹೆಸರಿನಲ್ಲಿ ಸಾಕ್ಷಿ ಹೇಳಿಬಿಟ್ಟಿದ್ದೆ, ಸುಳ್ಳು ಸಾಕ್ಷಿ. ಇದು ಅರಿವಾದ ಮೇಲೂ ಒಂದು ವಾರ ಬಾಯಿ ಬಿಡಲಿಲ್ಲ. ದಿನಾ ಹಾಲು ಹಾಕುವಾಗ ಆ ಹುಡುಗಿ ಒಳಗೆ ಕೆಮ್ಮುವುದು ಕೇಳುತ್ತಿತ್ತು. ಎಂಟನೆಯ ದಿನ ಅವರು ಪಾತ್ರೆ ಹಿಡಿದು ನಿಂತಾಗ ಒಂದು ಪಾವು ಸುರಿದು ಹೇಳಿಬಿಟ್ಟೆ.

"ನಾನ್ ಕೊಡ್ಲಿಲ್ಲ ಸಾರ್."

"ಏನು?"

"ಎಣ್ಣೆ. ಸ್ರಾವಣ ಬಂದಾಗ್ಲೇ ನಿಂತೋಯ್ತು. ನಿಮ್ಗೆ ಸುಳ್ಳೇಳ್ದೆ. ನಿಮ್ಮ ಮಗೂಗೆ ನಿಲ್ಲಿಸ್ಬ್ಯಾಡಿ."

ಅವರ ಕೈಯ ಪಾತ್ರೆ ಓರೆಯಾಗಿ ಹಾಲು ಮೆಟ್ಟಿಲ ಮೇಲೆ ಹರಿಯಿತು, ಅದನ್ನು ಇಬ್ಬರೂ ನೋಡುತ್ತಿದ್ದೆವು. ಒಳಗೆ ಹೋಗಿ ಹೆಂಡತಿಗೆ ತಮಿಳಿನಲ್ಲಿ ಏನೋ ಹೇಳಿದರು. ಚಮಚದ ಸದ್ದು, ಆ ಹುಡುಗಿ ಬೇಡವೆಂದು ಅಳುವುದು ಕೇಳಿಸಿತು. ಅವರು ಹೊರಗೆ ಬಂದಾಗ ಕೇಳಿಯೇಬಿಟ್ಟೆ.

"ಕೊಟ್ಟಿದ್ರೆ ಬದುಕ್ತಿದ್ಲಾ ಸಾರ್?"

ಇವತ್ತಿಗೂ ಪತ್ರಿಕೆಯ ಆರೋಗ್ಯದ ಪುಟದಲ್ಲಿ ವಿಟಮಿನ್ನು, ಉರಿಯೂತ, ವೈರಸ್ಸು ಎಂದೆಲ್ಲ ಕಂಡರೆ ಕನ್ನಡಕ ಹುಡುಕಿ ಓದುತ್ತೇನೆ. ಒಬ್ಬರು ಪ್ರಯೋಜನವಿದೆ ಎನ್ನುತ್ತಾರೆ, ಇನ್ನೊಬ್ಬರು ಅಷ್ಟೇನಿಲ್ಲ ಎನ್ನುತ್ತಾರೆ. ನನ್ನ ಪ್ರಶ್ನೆಗೆ ಯಾರೂ ಉತ್ತರ ಬರೆದಿಲ್ಲ.

ಆ ದಿನ ಅವರು, ಇಲ್ಲಮ್ಮಾ, ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲ, ಎಂದು ಹೇಳಬಹುದಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಅದೊಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅವರು ನನ್ನ ಮುಖವನ್ನೇ ನೋಡಿ, "ತೆರಿಯಲಮ್ಮಾ, ನನಗೆ ಗೊತ್ತಿಲ್ಲ" ಎಂದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.