ಹೊಳೆಯಾಚೆಯ ಮಕ್ಕಳ ಹಾಜರಿ

ಚಂದ್ರಮತಿ ಟೀಚರು ನಮ್ಮ ಶಾಲೆಗೆ ಬಂದದ್ದು ೨೦೦೪ರಲ್ಲಿ. ಅವರ ಊರು ಬೀಜಾಡಿ. ವಂಡ್ಸೆಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದ ಆ ಶಾಲೆಗೆ ಯಾರೂ ಇಷ್ಟಪಟ್ಟು ಬರುತ್ತಿರಲಿಲ್ಲ. ಅವರು ಕೊಡೆ, ಬುತ್ತಿ ಹಿಡಿದು ಒಂದು ದಿನವೂ ತಡಮಾಡದೆ ಬಂದರು. ನಾನು ಆಗ ಅಲ್ಲಿ ಮುಖ್ಯೋಪಾಧ್ಯಾಯ.

ಬೊಂಬಾಯಿಯಲ್ಲಿ ಹೋಟೆಲ್ ನಡೆಸುವ ಊರಿನವರೊಬ್ಬರು ಕೊಟ್ಟ ಹಳೆಯ ಕಂಪ್ಯೂಟರೊಂದು ನನ್ನ ಕೋಣೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಟೀಚರು ಬಂದ ವಾರದಲ್ಲೇ ಆ ಬಟ್ಟೆ ತೆಗೆದರು. ಮಕ್ಕಳಿಗೆ ಚಿತ್ರ ಬಿಡಿಸಲು ಕೊಡುವರೆಂದು ನಾನು ತಿಳಿದಿದ್ದೆ. ಅವರು ಎಕ್ಸೆಲ್ ತೆರೆದರು. ಆರು, ಏಳನೆಯ ತರಗತಿಗೆ ಸರಾಸರಿಯ ಪಾಠ ನಡೆಯುತ್ತಿತ್ತು. ಪುಸ್ತಕದ ಲೆಕ್ಕ ಬಿಟ್ಟು, ಅಂಗಳದಲ್ಲಿ ತಗಡಿನ ಡಬ್ಬಿಯೊಂದನ್ನು ಇಡಿಸಿದರು. ಬೆಳಿಗ್ಗೆ ಅದರೊಳಗಿನ ಮಳೆನೀರನ್ನು ಮಕ್ಕಳು ಅಡಿಕೋಲಿನಿಂದ ಅಳೆದು ಮೊದಲ ಸಾಲಿನಲ್ಲಿ ತುಂಬಬೇಕು. ಕೆಳಗೆ ಹಾಜರಿ ರಿಜಿಸ್ಟರಿನಲ್ಲಿದ್ದ ಎಲ್ಲರ ಹೆಸರು: ಬಂದವರಿಗೆ ಒಂದು, ಬಾರದವರಿಗೆ ಸೊನ್ನೆ.

ಆಷಾಢ ಮುಗಿಯುವುದರೊಳಗೆ ಮಕ್ಕಳೇ ಒಂದು ಸಂಗತಿಯನ್ನು ಕಂಡುಕೊಂಡರು. ಡಬ್ಬಿಯಲ್ಲಿ ನೀರು ನಾಲ್ಕು ಅಂಗುಲ ದಾಟಿದ ದಿನ ಹೊಳೆಯಾಚೆಯ ಒಂಬತ್ತು ಮಕ್ಕಳಲ್ಲಿ ಒಬ್ಬರೂ ಶಾಲೆಯಲ್ಲಿಲ್ಲ. ಅವರ ದಾರಿಗೆ ಇದ್ದದ್ದು ಹೊಳೆಗೆ ಎರಡು ಅಡಿಕೆಮರ ಅಡ್ಡ ಹಾಕಿದ ಕಾಲುಸಂಕ. ಆ ಕಡೆಯ ಕ್ಷಮಾ, ಆರನೆಯ ತರಗತಿಯ ಹುಡುಗಿ, ಆ ಅಂಕಿಗಳಿಂದ ಪರದೆಯ ಮೇಲೆ ಮೂಡಿದ ಗೆರೆನಕ್ಷೆಗೆ ಬೆರಳು ಹಚ್ಚಿ ಕೂಗಿದಳು:

"ಟೀಚರೆ, ಮಳಿ ಗೀಟ್ ಹತ್ತ್‌ವತ್ತಿಗೆ ನಮ್ ಗೀಟ್ ಇಳಿತ್ತ್ ಕಾಣಿ!"

ಅಂದಿನಿಂದ ಟೀಚರಿಗೆ ಒಂದೇ ಹಟ. ಪರಿವೀಕ್ಷಣೆಗೆ ಬರುವ ಅಧಿಕಾರಿಗೆ ಇದನ್ನು ತೋರಿಸಿ ಗಟ್ಟಿ ಸಂಕ ಮಾಡಿಸಬೇಕು.

"ಅರ್ಜಿ ಹತ್ತ್ ಸಲ ಕೊಟ್ಟಾಯ್ತಲೆ ಸರ್. ಇದ್ ಮಕ್ಳೇ ಮಾಡದ್ ಲೆಕ್ಕ. ಸುಳ್ಳ್ ಅಂಬುಕಾತ್ತಾ?"

ಆ ಲೆಕ್ಕವನ್ನು ನನ್ನ ರಿಜಿಸ್ಟರಿನ ಜೊತೆ ತಾಳೆ ನೋಡಿದರೆ ನಾನು ಸಿಕ್ಕಿಬೀಳುತ್ತಿದ್ದೆ. ಅಪ್ಪ ಅಮ್ಮನೊಡನೆ ಬೊಂಬಾಯಿ ಸೇರಿದ ಏಳು ಮಕ್ಕಳ ಹೆಸರನ್ನು ನಾನು ರಿಜಿಸ್ಟರಿನಿಂದ ತೆಗೆದಿರಲಿಲ್ಲ. ತಿರುಗಿ ಬಂದಾರೆಂಬ ಆಸೆ ಸ್ವಲ್ಪ. ಸಂಖ್ಯೆ ಇಳಿದರೆ ಶಿಕ್ಷಕರ ಒಂದು ಹುದ್ದೆ ಹೋದೀತೆಂಬ ಅಂಜಿಕೆ ಬಹಳ. ನನಗಿಂತ ಹಿಂದಿನವರೂ ಹಾಗೆಯೇ ನಡೆಸಿದ್ದರು. ಆ ಹೆಸರು ಕರೆದಾಗಲೆಲ್ಲ ತರಗತಿಯೇ ಒಟ್ಟಾಗಿ "ಬೊಂಬಾಯಿ!" ಎಂದು ಕೂಗಿ ನಗುತ್ತಿತ್ತು. ನಾನೂ ನಗುತ್ತಾ ಹಾಜರಿ ಹಾಕುತ್ತಿದ್ದೆ.

"ಟೀಚರೆ, ಆ ಏಳ್ ಹೆಸ್ರಿಗೂ ಒಂದೊಂದ್ ಹಾಕ್ಸಿ ಬಿಡಿ," ಎಂದೆ.

"ಎಂತ ಸರ್ ನೀವ್! ಖಾಲಿ ಬೆಂಚ್ ಕಾಂತಾ ಕೂಕಂಡ ಮಕ್ಳತ್ರ ಒಂದ್ ಹಾಕಿ ಅಂಬುದಾ?"

"ಹಾಂಗಾರೆ ಹೆಸ್ರನ್ನೇ ತೆಗ್ದ್ ಬಿಡಿ."

ಅದಕ್ಕೆ ಅವರು ಒಪ್ಪಿದರು. ಇಲ್ಲದವರನ್ನು ಬಿಟ್ಟರೆ ಸುಳ್ಳಾಗುವುದಿಲ್ಲವೆಂದು ಆ ಸಂಜೆ ಕಂಪ್ಯೂಟರಿನಿಂದ ಅಳಿಸಿದರು.

ಮರುದಿನ ಬೆಳಿಗ್ಗೆ ಮಳೆಯ ಅಂಕಿ ತುಂಬಲು ಕುಳಿತ ಕ್ಷಮಾ ಹೆಸರುಗಳಿಲ್ಲದ್ದನ್ನು ಕಂಡಳು. ಯಂತ್ರವೇ ನುಂಗಿತೆಂದು ಹೆದರಿ, ನನ್ನ ರಿಜಿಸ್ಟರನ್ನು ನೋಡಿ ಏಳನ್ನೂ ತಿರುಗಿ ಸೇರಿಸಿದಳು. ಒಂದೋ ಸೊನ್ನೆಯೋ ಹಾಕುವ ಬದಲು, ತರಗತಿ ದಿನವೂ ಹೇಳುವುದನ್ನೇ ಬರೆದಳು.

ಅದೇ ದಿನ ಪರಿವೀಕ್ಷಣೆಗೆ ಬಂದ ಅಧಿಕಾರಿಗಳು ನಕ್ಷೆ ನೋಡಿ ಮೆಚ್ಚಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕ್ಷಮಾಳನ್ನು ಕೇಳಿದರು:

"ಇದೇನಮ್ಮಾ, ಬೊಂಬಾಯಿ?"

"ಅವ್ರೆಲ್ಲ ಬೊಂಬಾಯಂಗೆ ಇದ್ರ್ ಸರ್. ನಾವ್ ದಿನಾ ಹೇಳ್ತ್. ಹೆಡ್ಮಾಸ್ಟ್ರ್ ಬರ್ಕಂತ್ರ್."

ರಿಜಿಸ್ಟರ್ ತರಿಸಿದರು.

"ಸರ್, ಸಂಕದ ವಿಷಯ..." ಎಂದರು ಟೀಚರು.

"ಮೊದಲು ಇದು ಮುಗಿಯಲಿ."

ಮುಗಿಯಿತು. ನಾನು ತಪ್ಪೊಪ್ಪಿಗೆ ಬರೆದುಕೊಟ್ಟು ಅಲ್ಲೇ ಉಳಿದೆ. ಏಳು ಹೆಸರು ಹೋದಾಗ ಒಂದು ಹುದ್ದೆ ಹೆಚ್ಚುವರಿಯಾಯಿತು; ಸೇವೆಯಲ್ಲಿ ಎಲ್ಲರಿಗಿಂತ ಕಿರಿಯರಾದ ಚಂದ್ರಮತಿ ಟೀಚರನ್ನು ಬೈಂದೂರಿನ ಕಡೆಗೆ ಹಾಕಿದರು. ಸಂಕದ ಅರ್ಜಿಗೆ ಉತ್ತರ ಬಂತು: ಸದರಿ ಶಾಲೆಯ ಅಂಕಿ ಅಂಶಗಳು ನಂಬಲರ್ಹವಲ್ಲ. ಮಕ್ಕಳು ದಿನವೂ ತೊಯ್ದುಕೊಂಡು ಅಳೆದ ಮಳೆಯೂ ನನ್ನ ಸುಳ್ಳಿನ ಲೆಕ್ಕಕ್ಕೇ ಸೇರಿತು.

ಟೀಚರು ಹೊರಡುವ ದಿನ ಕ್ಷಮಾ ಬಾಗಿಲ ಹಿಂದೆ ನಿಂತಿದ್ದಳು.

"ನಾ ಬರದ್ದ್ ತಪ್ಪಾಯ್ತಾ ಟೀಚರೆ?"

"ಇಲ್ಲೆ ಮಗಾ. ನೀ ಕಂಡದ್ದೇ ಬರ್ದದ್ದ್."

ನನ್ನ ಕಡೆ ಅವರು ತಿರುಗಿ ನೋಡಲಿಲ್ಲ. ಬೈಯುವ ಸ್ವಭಾವ ಅವರದ್ದಲ್ಲ.

ಮುಂದಿನ ಮಳೆಗಾಲದಲ್ಲಿ ಕ್ಷಮಾಳ ತಾಯಿ ಗುಣವತಿ ಮಗಳನ್ನು ಕಳಿಸಲಿಲ್ಲ. ಕೇಳಲು ಹೋದೆ. "ಕಲ್ಸು ಟೀಚರೂ ಇಲ್ಲೆ, ಸಂಕವೂ ಇಲ್ಲೆ. ಹೆಣ್ಣನ್ ಹೊಳಿಗ್ ಹಾಕುಕಾತ್ತಾ ಹೆಡ್ಮಾಸ್ಟ್ರೆ?" ಎಂದರು. ಮಳೆ ನಿಂತ ಮೇಲೂ ಹುಡುಗಿ ಬರಲಿಲ್ಲ. ತಮ್ಮನನ್ನು ಸೊಂಟದಲ್ಲಿಟ್ಟುಕೊಂಡು ಮನೆಯಲ್ಲೇ ನಿಂತಳು.

ಎರಡು ವರ್ಷದ ನಂತರ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಟೀಚರು ಸಿಕ್ಕಿದರು. ಕೂದಲು ಅಲ್ಲಲ್ಲಿ ನರೆತಿತ್ತು. ಅವರ ಹೊಸ ಶಾಲೆಯಲ್ಲಿ ಕಂಪ್ಯೂಟರಿನ ಕೋಣೆಗೆ ಬೀಗವಂತೆ. ಕೀಲಿ ಕೇಳುವುದನ್ನೂ ಬಿಟ್ಟಿದ್ದಾರಂತೆ. ನಗುತ್ತಲೇ ಹೇಳಿದರು. ಆಮೇಲೆ ಕೇಳಿದರು:

"ಕ್ಷಮಾ ಈಗ ಹೈಸ್ಕೂಲಾ ಸರ್?"

"ಹೌದ್, ಹೈಸ್ಕೂಲ್," ಎಂದೆ.

ಅವರ ಮುಖ ಅರಳಿತು. "ಅಲ್ಲ್ ಕಂಪ್ಯೂಟರ್ ಇತ್ತಾ?"

"ಇತ್ತ್," ಎಂದೆ. ಅಷ್ಟರಲ್ಲಿ ಬೈಂದೂರಿನ ಬಸ್ಸು ಬಂತು.